ಹೈಮಾವತಿ ಟೀಚರ ಉಂಗುರ ಬೆರಳು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ವಿಶಾಖಪಟ್ಟಣದ ಪಕ್ಕದ ಪೆಂಡುರ್ತಿಯ ಹೈಮಾವತಿ ಟೀಚರು ನಾಚಿದವರಲ್ಲ. "ನಿಮಗೆ ಗೊತ್ತಾಗಲ್ಲ" ಎಂದರೆ ಮಾತ್ರ ಮೂಗಿನ ತುದಿಯಲ್ಲೇ ಸಿಟ್ಟು. ತುಮಕೂರಿನಿಂದ ಸೊಸೆಯಾಗಿ ಬಂದವರು ಇಪ್ಪತ್ತೆಂಟು ವರ್ಷ ತಮ್ಮದೇ ಇನ್‌ಸ್ಟಿಟ್ಯೂಟಿನಲ್ಲಿ ಟೈಪಿಂಗು, ಶಾರ್ಟ್‌ಹ್ಯಾಂಡು ಕಲಿಸಿದ್ದರು. ವಿಶಾಖಪಟ್ಟಣದ ಬಂದರಿನ ಸುತ್ತ ಅವರ ಶಿಷ್ಯೆಯರಿಲ್ಲದ ಆಫೀಸು ಹುಡುಕಬೇಕಿತ್ತು. 1996ರ ಹೊತ್ತಿಗೆ ಆ ಆಫೀಸುಗಳೇ ಟೈಪ್‌ರೈಟರುಗಳನ್ನು ಮೂಲೆಗೆ ತಳ್ಳತೊಡಗಿದವು. ಟೀಚರ ಬಳಿ ಉಳಿದವರು ಆರೇ ಹುಡುಗಿಯರು. ಶನಿವಾರದಿಂದ ಕಂಪ್ಯೂಟರ್ ಕ್ಲಾಸು ಎಂದು ಅವರಿಗೆ ಮಾತು ಕೊಟ್ಟಾಗಿತ್ತು. ತಪ್ಪಿದರೆ ಅವರೂ ಬಿಟ್ಟುಹೋಗುತ್ತಾರೆ, ಆಮೇಲೆ ಇನ್‌ಸ್ಟಿಟ್ಯೂಟಿಗೆ ಬೀಗವೇ ಗತಿ.

ಕಂಪ್ಯೂಟರು ಬಂತು. ಕಳಿಸಿದವನು ವಿಜಯವಾಡದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ನಾದಿನಿಯ ಮಗ ಜಗನ್ಮೋಹನ್. ಅದಕ್ಕೆ ವಿಂಡೋಸ್ ಹಾಕುವುದು ಮಾತ್ರ ಬಾಕಿಯಿತ್ತು; ಫ್ಲಾಪಿಗಳ ಕಟ್ಟು ಜೊತೆಗೇ ಬಂದಿತ್ತು. ಬಂದು ಹಾಕಿಕೊಡುತ್ತೇನೆಂದಿದ್ದ ಅವನೇ ಜ್ವರ ಬಂದು ಮಲಗಿದ್ದ.

"ಅತ್ತಯ್ಯಾ, ಅದಕ್ಕೆ ಟೆಕ್ನಿಕಲ್ ನಾಲೆಡ್ಜ್ ಬೇಕಂಡಿ. ನಿಮಗೆ ಗೊತ್ತಾಗಲ್ಲ. ಮುಂದಿನ ವಾರ ನಾನೇ ಬರ್ತೀನಿ," ಎಂದ ಫೋನಿನಲ್ಲಿ.

"ಎಷ್ಟು ನಾಲೆಡ್ಜ್ ಬೇಕೋ ಅಷ್ಟನ್ನ ಹೇಳೋ, ಬರ್ಕೋತೀನಿ."

ಅವನು ಗಡಗಡನೆ ಹೇಳಿದ. ಅರ್ಧಕ್ಕರ್ಧ ಅರ್ಥವಾಗದಿದ್ದರೂ ಅವರು ಒಂದು ಮಾತೂ ಬಿಡದೆ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡರು.

ಶುಕ್ರವಾರ ಬೆಳಿಗ್ಗೆ ಮೊದಲ ಫ್ಲಾಪಿ ತೂರಿಸಿದರು. ಯಂತ್ರ ಗರಗರ ಅಂದಿತು. ಮುಂದೇನು ಕೇಳುತ್ತದೋ ಎಂದು ಪರದೆ ನೋಡುತ್ತ ಕೂತವರಿಗೆ ಕಾಫಿ ಆರಿದ್ದೂ ತಿಳಿಯಲಿಲ್ಲ. ಅದು ಕೇಳಿದ್ದಾದರೂ ಏನು? ಎರಡನೇ ಫ್ಲಾಪಿ ಹಾಕಿ, ಹೆಸರು ಹೇಳಿ. ಅಯ್ಯೋ, ಇಷ್ಟೇನಾ! ಅಷ್ಟರಲ್ಲಿ ಫ್ಲಾಪಿಗಳ ಪ್ಯಾಕೆಟ್ಟಿನ ಮೇಲಿನ ನಂಬರು ಕೇಳಿತು. ಹೊಡೆದರು. ತಪ್ಪು ಎಂದಿತು. ಗಟ್ಟಿಯಾಗಿ ಓದಿಕೊಂಡು ಮತ್ತೆ ಹೊಡೆದರು. ಮತ್ತೂ ತಪ್ಪು. ಅವರ ಟೈಪಿಂಗನ್ನು ತಪ್ಪು ಎಂದವರು ಅದುವರೆಗೆ ಯಾರೂ ಇರಲಿಲ್ಲ. ಜಗನ್ಮೋಹನ್ ಹೇಳಿದ ನಾಲೆಡ್ಜು ಇಲ್ಲೇ ಬೇಕಾಗುತ್ತದೇನೋ ಎಂದು ಮೊದಲ ಸಲ ಭಯವಾಯಿತು.

ಕೊನೆಗೆ, ಶಿಷ್ಯೆಯರಿಗೆ ಎಂದೂ ಮಾಡಗೊಡದ ಕೆಲಸವನ್ನು ತಾವೇ ಮಾಡಿದರು. ತಮ್ಮ ಬೆರಳುಗಳನ್ನೇ ನೋಡುತ್ತ ಹೊಡೆದರು. 1 ಬಂದ ಕಡೆ ಬಲಗೈಯ ಉಂಗುರ ಬೆರಳು ತಾನೇ ತಾನಾಗಿ ಇಂಗ್ಲಿಷಿನ ಸಣ್ಣ 'ಎಲ್' ಮೇಲೆ ಕೂತಿತು! ಅವರ ಹಳೆಯ ಟೈಪ್‌ರೈಟರುಗಳಲ್ಲಿ 1ಕ್ಕೆ ಕೀಲಿಯೇ ಇರಲಿಲ್ಲ. 'ಎಲ್' ಹೊಡೆದರೆ ಅದೇ 1. ಕಾಗದಕ್ಕೆ ಅದು ಸಾಕಿತ್ತು, ಈ ಯಂತ್ರಕ್ಕೆ ಸಾಲದು. ಮೇಲಿನ ಸಾಲಿನಲ್ಲಿ ನಿಜವಾದ 1 ಹುಡುಕಿ ಒತ್ತಿದರು. ಯಂತ್ರ ಒಪ್ಪಿ ಮುಂದಿನ ಫ್ಲಾಪಿ ಕೇಳಿತು. ಹದಿಮೂರನೆಯದು ಮುಗಿಯುವಾಗ ಮಧ್ಯಾಹ್ನದ ಊಟದ ಹೊತ್ತು ದಾಟಿತ್ತು.

"ಹಾಕಿಬಿಟ್ರಾ? ನೀವೇನಾ?" ಎಂದ ಜಗನ್ಮೋಹನ್ ಫೋನಿನಲ್ಲಿ.

"ಹೂಂ ಕಣೋ. ಬರದೇ ಇರೋದಕ್ಕಿಂತ, ಚೆನ್ನಾಗಿ ಬರ್ತಿದ್ದದ್ದೇ ಕಾಟ ಕೊಡ್ತು."

ಶನಿವಾರ ಆರೂ ಹುಡುಗಿಯರು ಬಂದರು. ಟೀಚರು 1ರ ಮಾತೆತ್ತದೆ, ಒಬ್ಬೊಬ್ಬರಾಗಿ ಕೂತು 1996 ಎಂದು ಇಸವಿ ಟೈಪ್ ಮಾಡಲು ಹೇಳಿದರು. ಕೀಲಿಗಳ ಕಡೆ ಯಾರೂ ನೋಡಲಿಲ್ಲ. ಆರು ಉಂಗುರ ಬೆರಳುಗಳೂ ಸರದಿಯಲ್ಲಿ ಬಂದು 'ಎಲ್' ಮೇಲೇ ಕೂತವು. ಟೀಚರಿಗೆ ನಗು ಬಂತು, ಕಣ್ಣೂ ತುಂಬಿತು. ಕೊನೆಯ ಹುಡುಗಿಯ ಕೈ ಹಿಡಿದು, ತಾವೇ ಕಲಿಸಿದ್ದ ಬೆರಳನ್ನು 'ಎಲ್' ಮೇಲಿಂದ ಮೆಲ್ಲಗೆ ಎತ್ತಿದರು.