ಅಡುಗೆಮನೆ ಗೋಡೆಯ ಹುಲಿಬೇಟೆ

“ಕಾಕಾ, ಬ್ರಶ್ ಕೆಳಗಿಡ್ರಿ! ಇದು ಭಿತ್ತಿಚಿತ್ರ ಅದ!”

ಒಂಬತ್ತನೇ ತರಗತಿಯ ನನ್ನ ಮಗಳು ಸುಜಾತಾ ಅಡುಗೆಮನೆಯ ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈ ಚಾಚಿ ನಿಂತಿದ್ದಳು. ಬೀದರ್‌ನ ಚಿದ್ರಿಯಲ್ಲಿರುವ ನಮ್ಮ ಮನೆಯ ಅಡುಗೆಮನೆಗೆ ಬಣ್ಣ ಹಚ್ಚಿಸುತ್ತಿದ್ದುದು ಅದೇ ಮೊದಲು. ಪೇಂಟರ್ ಪಾಪ, ಬಕೆಟ್ ಹಿಡಿದು ನನ್ನ ಮುಖ ನೋಡಿದ.

ಶಾಲೆಯಲ್ಲಿ ಚಿತ್ರಕಲೆಯ ಸರ್ ಕಲೆಯ ಇತಿಹಾಸ ಹೇಳತೊಡಗಿದಾಗಿನಿಂದ ಇವಳದು ಇದೇ ಹಾಡು. ಚಹಾದ ಬಸಿಯನ್ನೂ ತಿರುವಿ ಯಾವ ಕಾಲದ್ದೆಂದು ಕೇಳುತ್ತಾಳೆ. ಈಗ ಹೊಗೆ ಹಿಡಿದ ಗೋಡೆಯ ಮೇಲಿದ್ದ ಕೆಮ್ಮಣ್ಣಿನ ಗೆರೆಗಳನ್ನು ತೋರಿಸಿ, ಥೇಟ್ ಸರ್ ಅವರ ದನಿಯಲ್ಲೇ ಪಾಠ ಶುರುಮಾಡಿದಳು. “ನೋಡ್ರಿ, ಇದು ಹುಲಿಬೇಟಿ. ಬರ್ದವರ ಹೆಸರು ಯಾರಿಗೂ ಗೊತ್ತಿಲ್ಲ.”

ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ನಮ್ಮ ಅತ್ತೆ ತಲೆ ಎತ್ತಿದರು. “ಯಾಕ ಗೊತ್ತಿಲ್ಲ? ನಾನೇ ಬರ್ದಿದ್ದು. ಅದು ಹುಲಿ ಅಲ್ಲವ್ವಾ, ಸಾಯಗಾಂವದಾಗ ನಮ್ಮಪ್ಪನ ಮನಿ ಆಡು. ಮದಿವಿಯಾಗಿ ಬಂದ ಹೊಸದರಾಗ ಅದರದೇ ನೆನಪು ಭಾಳ ಬರ್ತಿತ್ತು.”

ಮಗಳು ಒಂದು ಕ್ಷಣ ಪೆಚ್ಚಾದಳು. ಆಮೇಲೆ ನೋಟ್‌ಬುಕ್ ತಂದು ಅಜ್ಜಿಯ ಎದುರು ಚಕ್ಕಂಬಕ್ಕಳ ಹಾಕಿ ಕುಳಿತು, ಆಡಿನ ಹೆಸರಿನಿಂದ ಹಿಡಿದು ಎಲ್ಲವನ್ನೂ ಬರೆದುಕೊಂಡಳು. ಪೇಂಟರ್ ಉಳಿದ ಮೂರು ಗೋಡೆಗೆ ಬಣ್ಣ ಬಳಿದು ಹೋದ.

ಹದಿನಾರು ವರ್ಷ ಆ ಗೋಡೆಯ ಎದುರೇ ರೊಟ್ಟಿ ಬಡಿದವಳು ನಾನು. ಅದನ್ನು ಬರೆದವರು ಯಾರೆಂದು ಒಮ್ಮೆಯೂ ಕೇಳಿರಲಿಲ್ಲ.