ಎಡಗಣ್ಣಿನ ಕಡೆ

ಆ ಭಾನುವಾರ ಅಲಾರಂ ಹೊಡೆಯುವ ಮೊದಲೇ ಎದ್ದೆ. ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಬೀದಿಗೆ ಹಾಲಿನವನ ಸ್ಕೂಟರು ಬರುವಷ್ಟರಲ್ಲಿ ನಮಾಜು ಮುಗಿಸಿ, ಉಪ್ಪಿಟ್ಟು ಕೆದಕಿ ಹಾಟ್‌ಬಾಕ್ಸಿಗೆ ಹಾಕಿ, ಮಕ್ಕಳಿಬ್ಬರ ನೀರಿನ ಬಾಟಲಿ ತುಂಬಿಸಿ ಆಗಿತ್ತು. ಇನ್ನೊಂದು ಕುಕ್ಕರಿನಲ್ಲಿ ಹುರುಳಿ ಬೇಯುತ್ತಿತ್ತು. ಅದು ಮನೆಯವರಿಗಲ್ಲ. ಮೆತ್ತಗೆ ಬೆಂದ ಹುರುಳಿಯನ್ನು ಬಸಿದು, ಆರಿಸಿ, ಟಿಫಿನ್ ಡಬ್ಬಿಗೆ ತುಂಬಿ, ಮೇಲೆ ಒಂದು ಅಚ್ಚು ಬೆಲ್ಲ ಇಟ್ಟೆ. ನಮ್ಮ ಕುದುರೆಗೆ ಇಪ್ಪತ್ಮೂರು ವರ್ಷ. ಹಲ್ಲು ಸವೆದಿವೆ, ಗಟ್ಟಿ ಕಾಳು ಅಗಿಯಲಾಗುವುದಿಲ್ಲ.

ಯಜಮಾನರು ಹೊದಿಕೆಯೊಳಗಿಂದಲೇ ಕೇಳಿದರು. "ಹೊರಟ್ಯಾ? ಬಿದ್ರೆ ಫೋನ್ ಮಾಡು."

"ಬಿದ್ದವಳು ಹೆಂಗ್ರೀ ಫೋನ್ ಮಾಡೋದು?"

"ಹಂಗಾದ್ರೆ ಬೀಳ್ಬೇಡ."

ಮದುವೆಯಾದ ಹದಿನೆಂಟು ವರ್ಷದಿಂದ ಪ್ರತಿ ಸಲವೂ ಇದೇ ಮಾತು. ದಸರಾ ಕಳೆದು ಮಳೆ ಹಿಂದೆ ಸರಿದ ಮೇಲೆ ಬರುವ ಒಂದು ಭಾನುವಾರ ನಾನು ಕುಣಿಗಲ್ಲಿನ ತವರಿಗೆ ಹೋಗಿ ಕುದುರೆ ಹತ್ತುತ್ತೇನೆ. ವರ್ಷಕ್ಕೆ ಅದೊಂದು ದಿನ ನನ್ನದು. ಉಳಿದ ದಿನಗಳು ಯಾರ್ಯಾರದೋ. ಅದಕ್ಕೆ ನನ್ನ ತಕರಾರೂ ಇಲ್ಲ. ಆದರೆ ಆ ಒಂದು ದಿನವನ್ನೂ ನನಗೆ ಒಂದು ಮಾತು ಹೇಳದೆ ಎತ್ತಿ ಬೇರೆಯವರಿಗೆ ಕೊಟ್ಟರಲ್ಲ, ಅದನ್ನು ಬರೆಯದೆ ಇರಲಾಗುತ್ತಿಲ್ಲ.

ನಮ್ಮ ತಂದೆ, ಅಬ್ಬಾ, ಲಾಳ ಕಟ್ಟುವವರು. ಎತ್ತಿಗೂ ಕಟ್ಟುತ್ತಿದ್ದರು, ಜಟಕಾ ಕುದುರೆಗೂ ಕಟ್ಟುತ್ತಿದ್ದರು. ಸುತ್ತಿಗೆಯೇಟು ಬಿದ್ದು ಅವರ ಬಲಗೈ ಹೆಬ್ಬೆರಳಿನ ಉಗುರು ಯಾವತ್ತೂ ಕಪ್ಪು. ನಾನು ಎರಡನೇ ಪಿಯುಸಿ ಪಾಸಾದ ವರ್ಷ ಜಟಕಾ ನಿಲ್ಲಿಸಿದವರೊಬ್ಬರಿಂದ ಒಂದು ಹೆಣ್ಣು ಮರಿಯನ್ನು ತಂದು ಹಿತ್ತಲಲ್ಲಿ ಕಟ್ಟಿದರು. ಕಂದು ಬಣ್ಣ, ಹಣೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿ. ಹೆಸರೇನೂ ಇಡಲಿಲ್ಲ, ಬೇಟಿ, ಅಂದರೆ ಮಗಳೇ, ಎಂದು ಕರೆದರು. ನನ್ನನ್ನೂ ಹಾಗೆಯೇ ಕರೆಯುತ್ತಿದ್ದುದರಿಂದ ಅವರು ಕೂಗಿದಾಗ ಇಬ್ಬರೂ ತಿರುಗುತ್ತಿದ್ದೆವು.

ಅವಳು ಬೆಳೆದ ಮೇಲೆ, ಊರು ಏಳುವ ಮೊದಲು ಕೆರೆ ಏರಿಯ ಮೇಲೆ, ಗೋಣಿಚೀಲ ಹಾಸಿದ ಬೆನ್ನಿನ ಮೇಲೆ ನನಗೆ ಸವಾರಿ ಕಲಿಸಿದರು. "ಯಾವಾಗ್ಲೂ ಎಡಗಡೆಯಿಂದ ಹೋಗು. ಎಡಗಡೆಯಿಂದ ಹತ್ತು. ಅವಳಿಗೆ ಅದೇ ಅಭ್ಯಾಸ" ಎನ್ನುತ್ತಿದ್ದರು. ಕುದುರೆ ಕೆಲಸದವರೆಲ್ಲ ಹಾಗೇ, ಬಲಗಡೆಯಿಂದ ಬಂದವನನ್ನು ನೋಡಿದರೆ ನಗುತ್ತಾರೆ. ನಮ್ಮಿಬ್ಬರಿಗೂ ಕಾಲು ಗಟ್ಟಿಯಿದ್ದ ವರ್ಷಗಳಲ್ಲಿ ಯಡಿಯೂರಿನ ದಿಕ್ಕಿಗೆ ಹೊಲದ ದಾರಿ ಹಿಡಿದು ಮಾರ್ಕೋನಹಳ್ಳಿ ಕಾಲುವೆಯವರೆಗೂ ಹೋದದ್ದುಂಟು. ಎರಡೂ ಕಡೆ ಹುಚ್ಚೆಳ್ಳಿನ ಹಳದಿ ಹೂವು, ತೆನೆ ತೂಗುವ ರಾಗಿ, ಬೇಟಿಯ ಕಿವಿಗಳ ನಡುವೆ ಕಾಣುವ ಮಂಜಿನ ದಾರಿ. ಅಬ್ಬಾ ಸೈಕಲ್ಲಿನಲ್ಲಿ ಹಿಂದೆ ಬರುತ್ತಿದ್ದರು. ಕಾಲುವೆ ಕಟ್ಟೆಯ ಮೇಲೆ ಕುಳಿತು ಮೂವರೂ ಬೆಲ್ಲ ತಿನ್ನುತ್ತಿದ್ದೆವು.

ನಮ್ಮ ಮನೆಯ ಆಲ್ಬಮ್ಮಿನಲ್ಲಿ ಬೇಟಿ ಇಲ್ಲದ ಶುಭಕಾರ್ಯವಿಲ್ಲ. ಅಣ್ಣನ ಮದುವೆಯಲ್ಲಿ ಅವನು ಅವಳ ಮೇಲೆ. ನನ್ನ ಮದುವೆಯಲ್ಲಿ ಯಜಮಾನರು ಅವಳ ಮೇಲೆ, ಜೀವ ಕೈಯಲ್ಲಿ ಹಿಡಿದುಕೊಂಡು. ನಮ್ಮಲ್ಲಿ ಮಗುವಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಓದಿಸಿ ಮೊದಲ ಅಕ್ಷರ ಹೇಳಿಕೊಡುತ್ತಾರೆ. ಆ ದಿನ ನನ್ನ ಮಗನೂ ಅವಳ ಮೇಲೆ. ಪ್ರತಿ ಸಲವೂ ಫೋಟೋದವನು "ಹಿಡ್ಕೊಂಡಿರೋರು ಸ್ವಲ್ಪ ಆಚೆ ಸರೀರಿ" ಎನ್ನುತ್ತಿದ್ದ. ಸರಿಯುತ್ತಿದ್ದೆವು. ಹಾಗಾಗಿ ನನ್ನ ಮದುವೆಯ ಫೋಟೋದಲ್ಲಿ ಅಬ್ಬಾ ಇಲ್ಲ, ಕಪ್ಪು ಉಗುರಿನ ಒಂದು ಹೆಬ್ಬೆರಳಿದೆ. ಅಣ್ಣನ ಫೋಟೋದಲ್ಲಿ ನಾನಿಲ್ಲ, ನನ್ನ ವಾಚಿದೆ. ನನ್ನ ಮಗಳು ಕುರಾನ್ ಓದಿ ಮುಗಿಸಿದ ದಿನ ತಾನೂ ಕೂರುತ್ತೇನೆ ಎಂದಾಗ ಅಣ್ಣ "ಹೆಣ್ಮಕ್ಕಳನ್ನ ಯಾರಾದ್ರೂ ಮೆರವಣಿಗೆ ಮಾಡ್ತಾರಾ?" ಅಂದ. ಅಬ್ಬಾ ಮರುದಿನ ಬೆಳಗಿನ ಜಾವ ಮೊಮ್ಮಗಳನ್ನು ಎಬ್ಬಿಸಿಕೊಂಡು ಹೋಗಿ ಏರಿಯ ಮೇಲೆ ಕೂರಿಸಿ ತಂದರು. ಅದರ ಫೋಟೋ ಇಲ್ಲ.

ಅಬ್ಬಾ ತೀರಿಕೊಂಡು ಎರಡು ವರ್ಷವಾಯಿತು. ಅವರು ಹೋದ ಚಳಿಗಾಲದಲ್ಲೇ ಬೇಟಿಯ ಎಡಗಣ್ಣಿಗೆ ಹಾಲಿನ ಕೆನೆಯಂಥ ಪೊರೆ ಬಂದು, ದೃಷ್ಟಿ ಪೂರ್ತಿ ಹೋಯಿತು. ಅಂದರೆ, ಎಲ್ಲರೂ ಯಾವ ಕಡೆಯಿಂದ ಬರಬೇಕೆಂದು ಕಲಿತಿದ್ದಾರೋ ಆ ಕಡೆಯೇ ಅವಳಿಗೆ ಕತ್ತಲೆ. ಅಭ್ಯಾಸದಂತೆ ಎಡಗಡೆಯಿಂದ ಹೋದವರನ್ನು ಕಂಡು ಅವಳು ಬೆಚ್ಚುತ್ತಾಳೆ. ಅಲ್ಲ, ಕಾಣದೆ ಬೆಚ್ಚುತ್ತಾಳೆ. ನಾನು ಹತ್ತುವ ಕಡೆಯನ್ನು ಬದಲಿಸಿಕೊಂಡೆ. ಈಗ ಮಾತಾಡಿಸುತ್ತ ಬಲಗಡೆಯಿಂದ ಹೋಗಿ, ಏರಿಯ ಕಲ್ಲಿನ ಮೇಲೆ ನಿಂತು, ಬಲಗಡೆಯಿಂದಲೇ ಹತ್ತುತ್ತೇನೆ. ಇದನ್ನು ಅಣ್ಣನಿಗೆ ಹತ್ತು ಸಲ ಹೇಳಿದ್ದೆ. "ಒಂದು ಕಣ್ಣು ಸಾಕು ಬಿಡೇ, ಅವಳೇನ್ ಲೈಸೆನ್ಸ್ ತಗೋಬೇಕಾ?" ಎಂದು ನಕ್ಕಿದ್ದ.

ಬಸ್ಸಿಳಿದು ಮನೆಗೆ ಹೋದರೆ ಹಿತ್ತಲಿನ ಲಾಯ ಖಾಲಿ. ಹಗ್ಗವೂ ಇಲ್ಲ, ಅಬ್ಬಾ ಹೊಲಿದ ಚರ್ಮದ ಲಗಾಮೂ ಗೂಟದಲ್ಲಿಲ್ಲ. ಅಣ್ಣನ ಹೆಂಡತಿ, ಭಾಭಿ, ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು.

"ನಿನ್ನೆ ಸಂಜೆನೇ ಟೆಂಪೋದಲ್ಲಿ ಗುಬ್ಬಿಗೆ ಕಳಿಸಿದ್ರಮ್ಮ. ಅವ್ರ ದೋಸ್ತ್ ಮಗನ ಮದ್ವೆ ಇವತ್ತು. ಹುಡುಗ ಕುದುರೆ ಮೇಲೇ ಬರ್ಬೇಕಂತೆ."

"ನನ್ಗೆ ಯಾಕ್ ಹೇಳ್ಲಿಲ್ಲ ಭಾಭಿ? ನಾನ್ ಇವತ್ತು ಬರ್ತೀನಿ ಅಂತ ಗೊತ್ತಿತ್ತಲ್ಲ?"

"ಹೇಳಿದ್ರೆ ನೀನ್ ಬೇಡ ಅಂತೀಯಲ್ಲ, ಅದಕ್ಕೇ ಹೇಳ್ಲಿಲ್ಲ." ಅವರು ಇದನ್ನು ನನಗೆ ಸಮಾಧಾನವಾಗಲಿ ಎಂದೇ ಹೇಳಿದರು.

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ದನಿ ಎತ್ತಿದವರನ್ನು ಕಾರಿಡಾರಿನಲ್ಲಿ ನಿಲ್ಲಿಸುತ್ತಿದ್ದರು. ಆ ಪಾಠ ನನ್ನ ಗಂಟಲಿನಲ್ಲಿ ಇವತ್ತಿಗೂ ಕೂತಿದೆ. "ಟೀ ಬೇಡ ಭಾಭಿ" ಎಂದು ಮೆಲ್ಲಗೆ ಹೇಳಿ, ಹುರುಳಿ ಡಬ್ಬಿ ಮತ್ತೆ ಬ್ಯಾಗಿಗಿಟ್ಟು, ಬಂದ ದಾರಿಯಲ್ಲೇ ತುಮಕೂರಿಗೆ ವಾಪಸಾಗಿ ಅಲ್ಲಿಂದ ಗುಬ್ಬಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜಗಳ. ಮನೆಮಾತು ನಮ್ಮದು ಉರ್ದುವಾದರೂ ನನಗೆ ಜಗಳ ಬರುವುದು ಕನ್ನಡದಲ್ಲಿ. ಕುದುರೆಯನ್ನು ಕೇಳದೆ ಕೊಟ್ಟದ್ದು ಒಂದು. ಒಂಟಿ ಕಣ್ಣಿನವಳನ್ನು ಬ್ಯಾಂಡಿನ ಮಧ್ಯೆ ನಿಲ್ಲಿಸುವುದು ಇನ್ನೊಂದು. ಎಲ್ಲಕ್ಕಿಂತ ಉರಿದದ್ದು, ನಾನು ಬೇಡ ಎನ್ನುತ್ತೇನೆಂದು ಅವನಿಗೆ ಗೊತ್ತಿತ್ತು, ಏಕೆ ಎನ್ನುತ್ತೇನೆಂದೂ ಗೊತ್ತಿತ್ತು, ಆ ಕಾರಣವೇ ಅವನಿಗೆ ಲೆಕ್ಕಕ್ಕಿರಲಿಲ್ಲ.

ಗುಬ್ಬಿಯಲ್ಲಿ ಹುಡುಕಬೇಕಾಗಲಿಲ್ಲ, ತಮಟೆ ಸದ್ದೇ ದಾರಿ ತೋರಿಸಿತು. ಬೇಟಿಗೆ ಜರಿ ಬಟ್ಟೆ ಹೊದಿಸಿದ್ದರು, ಕುತ್ತಿಗೆಗೆ ಪ್ಲಾಸ್ಟಿಕ್ ಹೂವು. ಹಣೆಗೆ ಕಟ್ಟಿದ್ದ ಕನ್ನಡಿ ಪಟ್ಟಿಯಿಂದ ಬಣ್ಣಬಣ್ಣದ ಕುಚ್ಚುಗಳು ಇಳಿಬಿದ್ದು, ಕಾಣುವ ಆ ಒಂದು ಬಲಗಣ್ಣನ್ನೂ ಮುಚ್ಚಿದ್ದವು. ಅವಳ ಪಕ್ಕೆಯ ಚರ್ಮ ನೊಣ ಕೂತಂತೆ ಅದುರುತ್ತಿತ್ತು. ನೊಣ ಇರಲಿಲ್ಲ.

ಅಣ್ಣ ಇಸ್ತ್ರಿ ಮಾಡಿದ ಜುಬ್ಬಾದಲ್ಲಿ, ಮದುವೆ ಗಂಡು ತಾನೇ ಎಂಬಂತೆ ನಿಂತಿದ್ದ.

"ಭಾಯ್, ಅವಳಿಗೆ ಏನೂ ಕಾಣಿಸ್ತಿಲ್ಲ. ಆ ಕುಚ್ಚು ತೆಗೀಬೇಕು."

"ಬಂದ್ಬಿಟ್ಯಾ? ಅಲಂಕಾರ ಕಣೇ ಅದು. ಒಂದು ಬೀದಿ ಅಷ್ಟೆ. ಮಾತು ಕೊಟ್ಟಿದೀನಿ, ಇಲ್ಲಿ ಮಾನ ತೆಗೀಬೇಡ."

ಹುಡುಗನ ಚಿಕ್ಕಪ್ಪ ಮಧ್ಯೆ ಬಂದರು. "ಹೆಂಗಸರಿಗೆ ಆ ಕಡೆ ಶಾಮಿಯಾನ ಹಾಕಿದೆಯಮ್ಮ. ಜ್ಯೂಸ್ ಕೊಡ್ತಾವ್ರೆ, ಹೋಗಿ."

ಅಷ್ಟರಲ್ಲಿ ಮುಖದ ಮುಂದೆ ಸೆಹ್ರಾದ ಹೂವಿನ ಪರದೆ ಇಳಿಬಿಟ್ಟುಕೊಂಡ ಹುಡುಗನನ್ನು ಇಬ್ಬರು ಕರೆತಂದು, ಎಲ್ಲರೂ ಕಲಿತಿರುವಂತೆ, ಎಡಗಡೆಯಿಂದ ಎತ್ತಿದರು. ಬೇಟಿ ಒಮ್ಮೆಲೇ ಹಿಂದಕ್ಕೆ ಜಿಗಿದಳು. ಹುಡುಗ ಅರ್ಧ ಹತ್ತಿದವನು ಜಾರಿ ಕೆಳಗೆ ನಿಂತ, ಒಂದು ಷೂ ಕಳಚಿ ಚರಂಡಿಯ ಪಕ್ಕ ಬಿತ್ತು. ಅವಳ ಹಿಂಗಾಲು ತಮಟೆಯವನ ಕಡೆಗೆ ಹೋಯಿತು. "ಏಯ್, ಹುಚ್ಚು ಕುದುರೆ! ಎರಡು ಬಾರಿಸ್ರೋ ಅದಕ್ಕೆ!" ಎಂದು ಯಾರೋ ಕೂಗಿದರು, ಇನ್ಯಾರೋ ಶಾಮಿಯಾನದ ಕೋಲನ್ನೇ ಎತ್ತಿದರು.

"ಯಾರೂ ಮುಟ್ಬೇಡಿ ಅವಳನ್ನ!"

ಆ ದನಿ ನನ್ನದೆಂದು ಗೊತ್ತಾಗಲು ನನಗೇ ಒಂದು ಕ್ಷಣ ಬೇಕಾಯಿತು. ತಮಟೆ ನಿಂತಿತು. ಬಲಗಡೆಯಿಂದ, ಮಾತಾಡಿಸುತ್ತ ಹೋದೆ. ಕುಚ್ಚಿನ ಪಟ್ಟಿಯನ್ನು ಕಿತ್ತು ಅಣ್ಣನ ಕೈಗೆ ತುರುಕಿದೆ. ಅವಳ ಹಣೆಯ ಮೇಲಿಂದ ಕೈ ಎತ್ತದೆ ಜಾರಿಸಿಕೊಂಡು ಎಡಗಡೆಗೆ ಬಂದು, ಕುರುಡು ಕಣ್ಣಿನ ಕೆಳಗೆ, ಕೆನ್ನೆಯ ಮೇಲೆ ಅಂಗೈ ಒತ್ತಿ ನಿಂತೆ. ಆ ಕಡೆ ಒಬ್ಬರಿದ್ದಾರೆ ಎಂದು ಗೊತ್ತಾದರೆ ಸಾಕು ಅವಳಿಗೆ. ಅವಳ ಉಸಿರು ನಿಧಾನವಾಯಿತು.

ಮದುವೆ ಹುಡುಗ ಹೂವಿನ ಪರದೆ ಸರಿಸಿ ಹೇಳಿದ. "ಆಂಟಿ, ನಾನ್ ನಡ್ಕೊಂಡೇ ಹೋಗ್ತೀನಿ. ಪಾಪ, ವಯಸ್ಸಾಗಿದೆ ಅದಕ್ಕೆ."

ಇಡೀ ಬೀದಿಯಲ್ಲಿ ಬುದ್ಧಿಯಿದ್ದವನು ಅವನೊಬ್ಬನೇ. ಅವನ ಮಾತನ್ನು ಕೇಳುವವರಾರು? "ನಡ್ಕೊಂಡ್ ಹೋದ್ರೆ ಹೆಣ್ಣಿನ ಕಡೆಯೋರು ಏನಂತಾರೆ?" ಎಂದು ಚಿಕ್ಕಪ್ಪ. "ನೀನೇ ಹಿಡ್ಕೊಂಡ್ ನಡಿ ಹಂಗಾದ್ರೆ" ಎಂದು ಅಣ್ಣ, ದೊಡ್ಡ ಮನಸ್ಸು ಮಾಡಿದವನಂತೆ. ನಾನು ಆಗಲೇ ಅವಳನ್ನು ಬಿಡಿಸಿಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ಆ ಹುಡುಗನ ಒಂಟಿ ಷೂ ನೋಡಿ ಮನಸ್ಸು ಕರಗಿತು. ತಮಟೆ ಇಪ್ಪತ್ತು ಹೆಜ್ಜೆ ಹಿಂದಿರಬೇಕು, ಪಟಾಕಿ ಕೂಡದು, ಹುಡುಗ ಬಲಗಡೆಯಿಂದ ಹತ್ತಬೇಕು ಎಂದು ಹೇಳಿದೆ. ಹಾಗೇ ಹತ್ತಿದ. ಛತ್ರದ ಬಾಗಿಲಿನವರೆಗೂ ಅವಳ ಕೆನ್ನೆಯ ಮೇಲಿಂದ ಅಂಗೈ ತೆಗೆಯದೆ ನಡೆದೆ. ಗಂಡಸರ ಮೆರವಣಿಗೆಯ ಮುಂದೆ ಒಬ್ಬಳು ಹೆಂಗಸು. ಮಹಡಿಗಳ ಮೇಲಿಂದ ಮೊಬೈಲುಗಳು ಕೆಳಕ್ಕೆ ಬಾಗಿದ್ದವು. ಫೋಟೋದವನು ಅಭ್ಯಾಸದಂತೆ "ಮೇಡಂ, ಸ್ವಲ್ಪ ಸರೀರಿ" ಅಂದ. ಈ ಸಲ ಸರಿಯಲಿಲ್ಲ.

ಹುಡುಗನನ್ನು ಇಳಿಸಿದ ಮೇಲೆ ಅಣ್ಣ ನಗುತ್ತ ಬಂದ. "ನೋಡಿದ್ಯಾ? ಏನೂ ಆಗ್ಲಿಲ್ಲ. ಸುಮ್ನೆ ಗಾಬರಿ ಮಾಡ್ಕೋತೀಯ."

ಏನೂ ಆಗಲಿಲ್ಲವಂತೆ! ಹಾಗಾದರೆ ಆ ಹೊತ್ತೆಲ್ಲ ನನ್ನ ಕೈ ಏನು ಮಾಡುತ್ತಿತ್ತು?

ಬಿರಿಯಾನಿಗೆ ಕೂರದೆ ಟೆಂಪೋದ ಹಿಂಭಾಗದಲ್ಲಿ ಬೇಟಿಯ ಎಡಕ್ಕೆ ನಿಂತು ಕುಣಿಗಲ್ಲಿನವರೆಗೂ ಬಂದೆ. ಅಣ್ಣ ಮುಂದೆ ಡ್ರೈವರಿನ ಪಕ್ಕ ಕೂತಿದ್ದ. ಹಿತ್ತಲಿನಲ್ಲಿ ಇಳಿಸಿದ ಮೇಲೆ ಅಣ್ಣನಿಗೆ ಎಡಗಣ್ಣನ್ನು ಕೈಯಿಂದ ಮುಚ್ಚಿಕೊಂಡು ನೇರ ನಿಲ್ಲುವಂತೆ ಹೇಳಿದೆ. "ಏನ್ ಆಟ ಇದು?" ಎನ್ನುತ್ತಲೇ ನಿಂತ. ಭಾಭಿ ನನ್ನ ಸನ್ನೆ ನೋಡಿ, ಅವನ ಎಡಕಿವಿಯ ಪಕ್ಕ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಾರಿಸಿದರು. ಮೊಳದಷ್ಟು ಹಾರಿದ. ಭಾಭಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ನೀನು ಹಾರಿದ್ರೆ ಯಾರೂ ಕೋಲು ಎತ್ತಲ್ಲ ಭಾಯ್."

"ಆಯ್ತು ಬುಡೇ ಮಾರಾಯ್ತಿ, ಅರ್ಥ ಆಯ್ತು." ಅವನು ಕಿವಿ ಉಜ್ಜಿಕೊಂಡ. ಉಜ್ಜಿಕೊಳ್ಳುತ್ತಲೇ ಅಂದ. "ಮುಂದಿನ ತಿಂಗಳು ಇನ್ನೊಬ್ರಿಗೆ ಹೇಳ್ಬಿಟ್ಟಿದೀನಿ. ಅದಕ್ಕೂ ನೀನೇ ಬಂದು ಹಿಡ್ಕೊ."

ಅರ್ಥವಾದದ್ದು ಇದು! ಬೇಟಿಯ ಬಾಯಿಂದ ಅಬ್ಬಾನ ಲಗಾಮು ಬಿಚ್ಚಿ, ಸುತ್ತಿ, ಬ್ಯಾಗಿಗೆ ಹಾಕಿಕೊಂಡೆ. "ಅವಳು ಇನ್ನು ಯಾವ ಮದ್ವೆಗೂ ಹೋಗಲ್ಲ. ಲಗಾಮು ನನ್ನ ಅಡುಗೆಮನೆ ಮೊಳೆ ಮೇಲಿರುತ್ತೆ. ಬೇಕಾದವರು ತುಮಕೂರಿಗೆ ಬಂದು ನನ್ನ ಕೇಳ್ಲಿ" ಎಂದೆ. ಅವನು ಬೇರೆ ಲಗಾಮು ತರಬಹುದು, ನನಗೆ ಗೊತ್ತು. ಭಾಭಿ ಮಾತ್ರ ಅವನ ಕಡೆ ತಿರುಗಿ, "ಇನ್ನೊಬ್ರಿಗೆ ಈಗಲೇ ಫೋನ್ ಮಾಡಿ ಇಲ್ಲ ಅಂತ ಹೇಳಿ, ನನ್ನ ಎದುರಿಗೇ" ಅಂದರು. ಸೌಟು ಇನ್ನೂ ಅವರ ಕೈಯಲ್ಲಿತ್ತು. ಅಣ್ಣ ಫೋನು ತೆಗೆದ.

ಬರೀ ಹಗ್ಗ ಹಿಡಿದು ಅವಳನ್ನು ಕೆರೆ ಏರಿಗೆ ಕರೆದುಕೊಂಡು ಹೋದೆ. ಈ ವರ್ಷ ಹತ್ತಲಿಲ್ಲ. ಬೆಳಗ್ಗೆಯಿಂದ ನಿಂತ ಕಾಲು ಅವಳವು. ಎಡಗಡೆ ನಾನು, ಬಲಗಡೆ ನೀರು, ಹುಲ್ಲಿನ ಮೇಲೆ ಇಳಿಬಿಸಿಲು. ನಾನು ಹತ್ತುವ ಕಲ್ಲಿನ ಹತ್ತಿರ ಬಂದಾಗ ಅವಳು ತಾನಾಗಿಯೇ ನಿಂತುಕೊಂಡಳು, ಹತ್ತು ಎನ್ನುವಂತೆ. ಅಲ್ಲೇ ಕೂತು ಡಬ್ಬಿ ತೆಗೆದೆ. ಹುರುಳಿ ಸ್ವಲ್ಪ ಹಳಸಿದ ವಾಸನೆ ಹೊಡೆಯುತ್ತಿತ್ತು, ಚೆಲ್ಲಿಬಿಟ್ಟೆ. ಬೆಲ್ಲವನ್ನು ಇಬ್ಬರೂ ತಿಂದೆವು.

ಉಪ್ಪಾರಹಳ್ಳಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಪಕ್ಕದ ಮನೆಯ ಆಂಟಿ ಹಣೆಗೆ ವಿಭೂತಿ ಇಟ್ಟುಕೊಂಡು, ಗೇಟಿನ ಬಳಿ ಮೊಬೈಲು ನೋಡುತ್ತ ನಿಂತಿದ್ದರು. ನಮ್ಮ ಗೇಟಿನ ಚಿಲಕಕ್ಕೆ ನಾನು ಕೈ ಹಾಕಿದ ಸದ್ದಿಗೆ ತಲೆಯೆತ್ತಿದರು.

"ಬಂದ್ರಾ? ಇಲ್ನೋಡಿ, ಗುಬ್ಬೀಲಿರೋ ನನ್ನ ತಂಗಿ ಸ್ಟೇಟಸ್ ಹಾಕವ್ಳೆ, ಅವ್ರ ಬೀದೀಲಿ ಇವತ್ತು ಯಾರ್ದೋ ಮದ್ವೆ ಮೆರವಣಿಗೆ ಅಂತೆ."

ಫೋಟೋದಲ್ಲಿ ಮದುವೆ ಹುಡುಗ, ಬೇಟಿಯ ತಲೆ, ಅವಳ ಕೆನ್ನೆಯ ಮೇಲೆ ಎರಡು ಹಸಿರು ಗಾಜಿನ ಬಳೆ ತೊಟ್ಟ ಕೈ. ಮಣಿಕಟ್ಟಿನಿಂದಾಚೆಗೆ ಕತ್ತರಿಸಿದ್ದರು. ಅದೇ ಬಳೆಗಳ ಕೈ ಈಗ ಚಿಲಕದ ಮೇಲಿತ್ತು.

ಆಂಟಿ ಎರಡು ಬೆರಳಿನಿಂದ ಪರದೆಯನ್ನು ಹಿಗ್ಗಿಸಿ, ಮತ್ತೆ ಕುಗ್ಗಿಸಿ, ಒಳಗೆ ಹೋಗುತ್ತ ಅಂದರು. "ಕುದುರೆ ಎಷ್ಟು ಲಕ್ಷಣವಾಗಿದೆ ಅಲ್ವಾ? ಆ ಕೈ ಒಂದು ಅಡ್ಡ ಬರ್ದೇ ಇದ್ದಿದ್ರೆ ಫೋಟೋ ಇನ್ನೂ ಚೆನ್ನಾಗಿ ಬರೋದು."