ಅರ್ಧಕ್ಕೆ ನಿಂತ ಮಂಗಳಾರತಿ

ಪೂಜೆಯ ನಡುವೆ ಎದ್ದುಹೋದದ್ದಕ್ಕೆ ನಾನು ಪ್ರಾಯಶ್ಚಿತ್ತ ಮಾಡಿಕೊಂಡಿಲ್ಲ, ಮಾಡಿಕೊಳ್ಳುವುದೂ ಇಲ್ಲ. ಯಾದವಗಿರಿಯ ಮನೆಯಲ್ಲಿ ನನ್ನೊಡನಿರುವ ಅಕ್ಕ ಇದನ್ನು ಓದಿದರೆ ಮತ್ತೆ ಮುನಿಸಿಕೊಳ್ಳುವಳು. ಆದರೂ ಬರೆಯುತ್ತೇನೆ.

ಹೆರಿಗೆ ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದ ಮೇಲೆ, ದೂರದ ಸಮುದ್ರದ ಪುಟ್ಟ ದ್ವೀಪವೊಂದರ ಬಸುರಿಯರನ್ನು ವಿಡಿಯೋ ಮೂಲಕ ನೋಡುವ ಸೇವೆಗೆ ಒಪ್ಪಿಕೊಂಡೆ. ಅಲ್ಲಿ ವೈದ್ಯರಿಲ್ಲ. ಇರುವುದು ಒಂದು ಆರೋಗ್ಯ ಕೇಂದ್ರ, ಅದರಲ್ಲೊಬ್ಬ ನರ್ಸ್. ದೊಡ್ಡ ಆಸ್ಪತ್ರೆ ಸಮುದ್ರದಾಚೆ; ರೋಗಿಯನ್ನು ಅಲ್ಲಿಗೆ ಸಾಗಿಸುವ ತುರ್ತು ಬೋಟು ಅಲ್ಲಿನ ಅಧಿಕಾರಿಯೊಬ್ಬರ ಕೈಯಲ್ಲಿದೆ. ಅವಳು ನಮ್ಮ ಬೋಗಾದಿಯ ಹೆಣ್ಣುಮಗಳು. ದ್ವೀಪದವರ ಮಾತನ್ನು ನನಗೆ ಕನ್ನಡದಲ್ಲಿ ತಿಳಿಸುವವಳೂ ಅವಳೇ. ರೋಗಿಯನ್ನು ಮುಟ್ಟದೆ ಮಾಡುವುದು ಎಂಥ ವೈದ್ಯವೆಂದು ನನ್ನ ಓರಗೆಯ ವೈದ್ಯರು ನಕ್ಕರು. ಮುಟ್ಟುವ ಕೈಯೇ ಇಲ್ಲದ ಊರಿಗೆ ನೋಡುವ ಕಣ್ಣೂ ಬೇಡವೆನ್ನಲು ನಾವು ಯಾರು?

ನಮ್ಮ ತಂದೆಯವರು ಸಂಸ್ಕೃತ ಪಾಠಶಾಲೆಯಲ್ಲಿ ಅಧ್ಯಾಪಕರಾಗಿದ್ದರು. ಕರ್ಪೂರ ಹತ್ತಿದ ಮೇಲೆ ದೇವರ ಮುಂದಿನಿಂದ ಕದಲಬಾರದೆಂಬುದು ಅವರ ಕಾಲದಿಂದ ಬಂದ ಕಟ್ಟಳೆ. ಆ ಬೆಳಿಗ್ಗೆ ನನ್ನ ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಉರಿಯುವ ಆರತಿ. ಹಜಾರದಲ್ಲಿ ಟ್ಯಾಬ್ ಕೂಗತೊಡಗಿತು. ತುರ್ತಿಲ್ಲದೆ ಆ ಹೊತ್ತಿಗೆ ಅದು ಕೂಗುವುದಿಲ್ಲ.

"ಕೂಗ್ಲಿ ಬಿಡೇ, ಆರತಿ ಮುಗಿಸು," ಎಂದಳು ಅಕ್ಕ.

ನಾನು ತಟ್ಟೆಯನ್ನು ಕೆಳಗಿಟ್ಟೆ.

"ಹೊರಟೇಬಿಟ್ಯಲ್ಲೇ! ಮಡಿಯುಟ್ಟು ಆ ಯಂತ್ರ ಮುಟ್ತೀಯಾ?"

ಪರದೆಯಲ್ಲಿ ದಿನ ತುಂಬುತ್ತಿದ್ದ ಬಸುರಿಯೊಬ್ಬಳು ರೇಷ್ಮೆ ಸೀರೆಯುಟ್ಟು, ಮುಖದ ತುಂಬ ಪೌಡರು ಬಳಿದುಕೊಂಡು, ಹೂ ಮುಡಿದು ನಗುತ್ತ ಕುಳಿತಿದ್ದಳು. ಆ ದ್ವೀಪದಲ್ಲಿ ಡಾಕ್ಟರಿಗೆ ಪರದೆಯಲ್ಲಿ ಕಾಣಿಸಿಕೊಳ್ಳುವುದೆಂದರೆ ಫೋಟೋ ತೆಗೆಸಿಕೊಂಡಷ್ಟೇ ಸಂಭ್ರಮ. ಮನೆಮಂದಿಯೆಲ್ಲ ಸೇರಿ ಸಿಂಗರಿಸಿ ಕಳಿಸುತ್ತಾರೆ.

"ರಾತ್ರಿಯಿಂದ ತಲೆನೋವು ಅಂತವ್ಳೆ ಮೇಡಂ," ಎಂದಳು ನರ್ಸ್. "ಬಿ.ಪಿ. ವಸಿ ಜಾಸ್ತಿ. ಬೋಟಿನ ಸಾಹೇಬ್ರಿಗೂ ವಿಡಿಯೋದಲ್ಲಿ ತೋರ್ಸ್ದೆ. ಮದುವಣಗಿತ್ತಿ ಅಂಗೆ ನಗ್ತಾ ಕೂತವ್ಳಲ್ಲ, ನಾಳೆ ಹಡಗಲ್ಲಿ ಬರ್ಲಿ ಅಂದ್ಬುಟ್ರು."

"ಆ ನಗು ಕ್ಯಾಮೆರಾಗೆ ಕಣಮ್ಮ. ಮೊದಲು ಮುಖ ತೊಳೆಸು."

"ಅವ್ರತ್ತೆ ಬೇಜಾರು ಮಾಡ್ಕೋತಾರೆ ಮೇಡಂ. ಕೂತು ಅಲಂಕಾರ ಮಾಡವ್ರೆ."

"ನಾನೇನು ಹೆಣ್ಣು ನೋಡೋಕೆ ಬಂದಿಲ್ಲ ಅಂತ ಹೇಳು!"

ಪೌಡರು ತೊಳೆದ ಮೇಲೆ ನಿಜವಾದ ಮುಖ ಕಂಡಿತು. ರೆಪ್ಪೆಗಳು ಊದಿಕೊಂಡಿದ್ದವು. ಸೀರೆಯನ್ನು ಮೇಲೆತ್ತಿಸಿ ಮೊಣಕಾಲ ಕೆಳಗೆ ಒತ್ತಲು ಹೇಳಿದೆ. ನರ್ಸಿನ ಹೆಬ್ಬೆರಳ ಗುಳಿ ಹಸಿ ಜೇಡಿಮಣ್ಣಿನಲ್ಲಿ ಮೂಡಿದಂತೆ ಹಾಗೆಯೇ ಉಳಿಯಿತು. ಕಣ್ಣ ಮುಂದೆ ಮಿಂಚಿದಂತಾಗುತ್ತದೆಯೇ ಎಂದು ಕೇಳಿಸಿದಾಗ ಅವಳ ನಗು ನಿಂತಿತು, ಹೌದೆಂದು ತಲೆಯಾಡಿಸಿದಳು. ಮತ್ತೆ ಅಳೆದರೆ ಬಿ.ಪಿ. ಇನ್ನೂ ಏರಿತ್ತು. ಯಾವ ಗಳಿಗೆಯಲ್ಲಾದರೂ ಫಿಟ್ಸ್ ಬರಬಹುದಿತ್ತು. ಬಂದರೆ ಎರಡು ಜೀವಗಳೂ ಹೋಗುತ್ತಿದ್ದವು.

ಫಿಟ್ಸ್ ತಡೆಯುವ ಇಂಜೆಕ್ಷನ್ನಿನ ಶೀಶೆಯನ್ನು ಕ್ಯಾಮೆರಾಕ್ಕೆ ಹಿಡಿಸಿ, ಓದಿ ನೋಡಿ, ನನ್ನ ಕಣ್ಣ ಮುಂದೆಯೇ ಕೊಡಿಸಿದೆ. ಬಳಿಕ ಬೋಟಿನ ಅಧಿಕಾರಿಯನ್ನು ಅದೇ ಪರದೆಗೆ ಕರೆಸಿದೆ. ಅಲೆ ಜೋರಾಗಿದೆ, ನಾಳೆ ನೋಡೋಣ ಎಂದರು. ಅವರ ವಯಸ್ಸಿನ ಶಿಷ್ಯರಿಗೆ ಪಾಠ ಹೇಳಿದವಳು ನಾನು. ಬರುವಷ್ಟು ಹಿಂದಿಯಲ್ಲಿ ಹೇಳಿದೆ: "ಬೋಟು ಹೊರಡುವ ತನಕ ನಾನು ಇಲ್ಲಿಂದ ಏಳುವುದಿಲ್ಲ. ಕಳಿಸುವುದಿಲ್ಲವೆಂದಾದರೆ, ಈ ತೊಳೆದ ಮುಖವನ್ನು ನೋಡಿಕೊಂಡು ಹೇಳಿ."

ಅವರು ನೋಡಿದರು. ಆಮೇಲೆ ದೊಡ್ಡ ಬೋಟನ್ನೇ ಕಳಿಸುವುದಾಗಿ ಹೇಳಿದರು.

"ದೇವರು ಕಾಯ್ತಾ ಇದಾನೆ ಕಣೇ," ಎಂದಳು ಅಕ್ಕ ಒಳಗಿನಿಂದ.

"ಅವನಿಗೆ ತಾಳ್ಮೆ ಇದೆ ಅಕ್ಕ. ಅವಳಿಗೆ ಹೊತ್ತಿಲ್ಲ."

ಬೋಟು ದಡ ಬಿಟ್ಟದ್ದನ್ನು ನರ್ಸ್ ತೋರಿಸಿದ ಮೇಲೆಯೇ ಎದ್ದೆ. ಕರ್ಪೂರ ಉರಿದು ಮುಗಿದಿತ್ತು. ಹೊಸದನ್ನು ಹಚ್ಚಿ, ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದೆ. ಪುರೋಹಿತರನ್ನು ಕರೆಸಿ ಶುದ್ಧಿ ಮಾಡಿಸಬೇಕೆಂದು ಅಕ್ಕ ಹಟ ಹಿಡಿದಳು. ಯಾವುದರ ಶುದ್ಧಿ ಎಂದು ಕೇಳಿದೆ. ಅವಳು ಆರತಿ ತೆಗೆದುಕೊಳ್ಳದೆ ಅಡುಗೆಮನೆಗೆ ಹೋದಳು.

ಇಳಿಹೊತ್ತಿಗೆ ನರ್ಸಿನಿಂದ ಸುದ್ದಿ ಬಂತು: ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯಾಗಿದೆ, ತಾಯಿಯೂ ಮಗುವೂ ಕ್ಷೇಮ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಗಂಡೋ ಹೆಣ್ಣೋ?" ಎಂದಳು ಅಕ್ಕ, ಈಚೆಗೆ ಬಾರದೆಯೇ.

ಈಗ ಟ್ಯಾಬ್ ದೇವರ ಮನೆಯ ಹೊಸ್ತಿಲ ಬಳಿಯೇ ಇರುತ್ತದೆ. ಅದು ಕೂಗಿದರೆ ಏಳುತ್ತೇನೆ.